ಪಾಳುಮನೆಯ ಛಾಯಾಚಿತ್ರ ಮತ್ತು ಚರಿತ್ರೆಯ ಸತ್ಯ

ಸ್ಥಾವರ-ಜಂಗಮಗಳ ಭೇದವನ್ನು ಶಿವಶರಣರು ಜನಮನಕ್ಕೆ ಮುಟ್ಟಿಸಿದರು. ನಿಂತದ್ದು ಸ್ಥಾವರ, ಚೈತನ್ಯದಿಂದ ಚಲಿಸುವುದು ಜಂಗಮ. ಒಕ್ಕಲು ಬಿಟ್ಟುಹೋದ ಮನೆಯ ಮುಂದೆ ಛಾಯಾಗ್ರಾಹಕನು ನಿಂತಾಗ ಈ ಭೇದವು ಕಣ್ಣಿಗೆ ಕಟ್ಟುತ್ತದೆ. ಗೋಡೆ, ಚಾವಣಿ, ಹೊಸ್ತಿಲುಗಳು ಚಿತ್ರದಲ್ಲಿ ಮೂಡುತ್ತವೆ; ಅಲ್ಲಿ ಬಾಳಿದವರು ಮೂಡುವುದಿಲ್ಲ. ಈ ಕೊರತೆಯನ್ನು ಅರಿಯಲು ಅಮೆರಿಕದ ಟೆನೆಸಿ ರಾಜ್ಯದ ಕೇಡ್ಸ್ ಕೋವ್ ಎಂಬ ಕಣಿವೆಯು ಉತ್ತಮ ನಿದರ್ಶನವಾಗಿದೆ.

ಸುತ್ತಲೂ ಬೆಟ್ಟಗಳಿರುವ ಈ ಫಲವತ್ತಾದ ನೆಲವು ಮೊದಲು ಚೆರೋಕಿ ಜನರದಾಗಿತ್ತು. 1818ರಲ್ಲಿ ಜಾನ್ ಆಲಿವರ್ ಎಂಬವನು ಕುಟುಂಬದೊಡನೆ ಇಲ್ಲಿಗೆ ಬಂದನು. 1850ರ ವೇಳೆಗೆ ಕಣಿವೆಯ ಜನಸಂಖ್ಯೆ 685ಕ್ಕೆ ಏರಿತ್ತು. ಮುಂದೆ 1920ರ ದಶಕದಲ್ಲಿ ಗ್ರೇಟ್ ಸ್ಮೋಕಿ ಪರ್ವತಗಳ ರಾಷ್ಟ್ರೀಯ ಉದ್ಯಾನಕ್ಕಾಗಿ ಭೂಮಿಯನ್ನು ಕೊಳ್ಳತೊಡಗಿದರು. ಒಪ್ಪದವರ ಭೂಮಿಯನ್ನು ಕಾನೂನಿನ ಬಲದಿಂದ ವಶಪಡಿಸಿಕೊಂಡರು. ಮೊದಲ ಆಲಿವರನ ಮರಿಮಗನಾದ ಜಾನ್ ಡಬ್ಲ್ಯೂ. ಆಲಿವರ್ ನ್ಯಾಯಾಲಯದಲ್ಲಿ ದೀರ್ಘಕಾಲ ಹೋರಾಡಿ ಸೋತು, 1937ರಲ್ಲಿ ಹಿರಿಯರ ನೆಲವನ್ನು ತೊರೆದನು. ಉದ್ಯಾನವು 1934ರಲ್ಲಿಯೇ ಸ್ಥಾಪಿತವಾಗಿತ್ತು. 1940ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಅದನ್ನು ರಾಷ್ಟ್ರಕ್ಕೆ ಸಮರ್ಪಿಸಿದರು.

ಇಂದು ಅಲ್ಲಿ ಸುಮಾರು 18 ಕಿಲೋಮೀಟರ್ ಉದ್ದದ ಬಳಸುದಾರಿಯ ಬದಿಯಲ್ಲಿ ಹಳೆಯ ಮನೆಗಳು, ಕೊಟ್ಟಿಗೆಗಳು, ಗಿರಣಿ ಹಾಗೂ ಚರ್ಚುಗಳು ಸುರಕ್ಷಿತವಾಗಿವೆ. 1820ರ ದಶಕದ ಆಲಿವರ್ ಮನೆಯ ಗೋಡೆಗಳು ಮರದ ದಿಮ್ಮಿಗಳಿಂದ ಆದವು. ದಿಮ್ಮಿಗಳ ತುದಿಗೆ ಕಚ್ಚು ಕೊರೆದು, ಒಂದರ ಮೇಲೊಂದು ಕೂರಿಸಿ, ಸಂದುಗಳಿಗೆ ಮಣ್ಣು ಮೆತ್ತಿದ ಕಟ್ಟಣೆ ಅದು. ನೋಡಿದವರು ಅಲ್ಲಿಯ ಜನರೆಲ್ಲರೂ ಕೊನೆಯವರೆಗೆ ಹೀಗೆಯೇ ಬಾಳಿದರೆಂದು ಭಾವಿಸುವುದು ಸಹಜ.

ಸತ್ಯವು ಬೇರೆಯಾಗಿದೆ. ಕಾಲ ಕಳೆದಂತೆ ಆ ಒಕ್ಕಲಿಗರು ಕೊಯ್ದ ಹಲಗೆಗಳ ಹೊಸ ಮನೆಗಳನ್ನು ಕಟ್ಟಿಕೊಂಡಿದ್ದರು. 1890ರ ದಶಕದಲ್ಲಿಯೇ ದೂರವಾಣಿಯ ತಂತಿಯನ್ನು ಎಳೆಸಿದ್ದರು. ಆದರೆ ಆದಿಕಾಲದ ವಲಸೆಗಾರರ ಬದುಕನ್ನು ತೋರಿಸಬಯಸಿದ ಉದ್ಯಾನದ ಆಡಳಿತವು ದಿಮ್ಮಿಯ ಮನೆಗಳನ್ನು ಉಳಿಸಿಕೊಂಡು, ಈಚಿನ ಮನೆಗಳಲ್ಲಿ ಹೆಚ್ಚಿನವನ್ನು ತೆಗೆದುಹಾಕಿತು. ಉಳಿದ ಹಲಗೆಯ ಮನೆಗಳಲ್ಲೊಂದಾದ ಗ್ರೆಗ್-ಕೇಬಲ್ ಮನೆಯನ್ನೂ ಮೂಲಸ್ಥಳದಿಂದ ಸಾಗಿಸಿ ಗಿರಣಿಯ ಬಳಿ ನಿಲ್ಲಿಸಲಾಗಿದೆ. ಆದುದರಿಂದ ಅಲ್ಲಿ ತೆಗೆದ ಚಿತ್ರವು ಎಷ್ಟೇ ಸುಂದರವಾಗಿದ್ದರೂ ಅರ್ಧಸತ್ಯವನ್ನೇ ಹೇಳೀತು.

ಈ ಕೊರತೆಯನ್ನು ತುಂಬುವ ಕ್ರಮವೊಂದು ಆ ದೇಶದಲ್ಲಿಯೇ ರೂಢಿಯಲ್ಲಿದೆ. 1933ರಲ್ಲಿ ಚಾರ್ಲ್ಸ್ ಪೀಟರ್ಸನ್ ಎಂಬ ವಾಸ್ತುಶಿಲ್ಪಿಯ ಸಲಹೆಯಂತೆ ಅಮೆರಿಕದ ಐತಿಹಾಸಿಕ ಕಟ್ಟಡಗಳ ಸಮೀಕ್ಷೆಯು ಆರಂಭವಾಯಿತು. ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡಿದ್ದ ವಾಸ್ತುಶಿಲ್ಪಿಗಳಿಗೆ ಇದರಿಂದ ಉದ್ಯೋಗವೂ ದೊರೆಯಿತು. ಕಟ್ಟಡದ ಅಳತೆಯ ನಕ್ಷೆ, ಛಾಯಾಚಿತ್ರ, ಲಿಖಿತ ಇತಿಹಾಸ ಎಂಬ ಮೂರು ಅಂಗಗಳು ಈ ಕ್ರಮಕ್ಕಿವೆ. ದಾಖಲೆಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಸಂಗ್ರಹವಾಗಿವೆ.

ಇದರಿಂದ ವಿದ್ಯಾರ್ಥಿಗಳು ಕಲಿಯತಕ್ಕ ಸಂಗತಿಗಳು ಅನೇಕ. ಕ್ಯಾಮೆರಾವನ್ನು ಸಮಮಟ್ಟದಲ್ಲಿ ಹಿಡಿಯಬೇಕು. ಮೇಲಕ್ಕೆ ಓರೆಮಾಡಿದರೆ ನೆಟ್ಟಗಿನ ಗೋಡೆಯೂ ವಾಲಿದಂತೆ ಕಾಣುತ್ತದೆ. ಮುಂಭಾಗವನ್ನು ಒಮ್ಮೆ, ಎರಡು ಬದಿಗಳೂ ಕಾಣುವಂತೆ ಮೂಲೆಯಿಂದ ಒಮ್ಮೆ ಚಿತ್ರ ತೆಗೆಯಬೇಕು. ಬೆಳಗಿನ ಅಥವಾ ಇಳಿಹೊತ್ತಿನ ಓರೆಬಿಸಿಲಿನಲ್ಲಿ ಕೊಡಲಿಯ ಗುರುತು, ಮಣ್ಣಿನ ಬಿರುಕು ಸ್ಪಷ್ಟವಾಗುತ್ತವೆ. ಅಳತೆ ತಿಳಿಯಲು ಗುರುತು ಮಾಡಿದ ಕೋಲೊಂದನ್ನು ಗೋಡೆಗೆ ನಿಲ್ಲಿಸಬೇಕು. ಚಿತ್ರದ ಅಂದಕ್ಕಾಗಿ ಒಳಗಿನ ಯಾವ ವಸ್ತುವನ್ನೂ ಕದಲಿಸಬಾರದು. ಕೊನೆಯದಾಗಿ, ದಿನಾಂಕ, ದಿಕ್ಕು, ಕಟ್ಟಿದವರು, ಬಾಳಿದವರು, ಅವರು ಮನೆಯನ್ನು ಬಿಟ್ಟ ಕಾರಣ ಇವಿಷ್ಟನ್ನೂ ಬರೆದಿಡಬೇಕು. ಕಟ್ಟಡವನ್ನು ಸಾಗಿಸಿದ್ದರೆ ಅಥವಾ ದುರಸ್ತಿ ಮಾಡಿದ್ದರೆ ಅದನ್ನೂ ಮುಚ್ಚಿಡಕೂಡದು.

ಕೇಡ್ಸ್ ಕೋವಿನ ಮನೆಗಳು ಸರಕಾರದ ಆಶ್ರಯದಲ್ಲಿ ನಿಂತಿವೆ. ನಮ್ಮ ಹಳ್ಳಿಗಳಲ್ಲಿ ಬೀಗ ಬಿದ್ದ ಹಿರಿಯರ ಮನೆಗಳಿಗೆ ಅಂಥ ಆಶ್ರಯವು ಅಪರೂಪ. ಮಳೆಗಾಲಕ್ಕೊಂದು ಗೋಡೆ ಕುಸಿಯುತ್ತಿದೆ. ಕೈಯಲ್ಲಿನ ದೂರವಾಣಿಯೇ ಕ್ಯಾಮೆರಾ ಆಗಿರುವ ಈ ದಿನಗಳಲ್ಲಿ ಚಿತ್ರ ತೆಗೆಯುವುದು ಸುಲಭ. ಆದರೆ ಆ ಮನೆಯಲ್ಲಿ ಬಾಳಿದವರನ್ನು ಬಲ್ಲ ವೃದ್ಧರ ಬಳಿ ಕುಳಿತು ಕೇಳಿ ಬರೆದುಕೊಳ್ಳುವುದಕ್ಕೆ ಅವಧಿಯು ಸ್ವಲ್ಪವೇ ಉಳಿದಿದೆ. ಚಿತ್ರವು ಸ್ಥಾವರವನ್ನು ಉಳಿಸೀತು. ಜಂಗಮದ ನೆನಪನ್ನು ಉಳಿಸುವ ಹೊಣೆ ಬರೆಯುವವರದು.