ಅಂತರಜಾಲವೂ ಊರಿನ ಪಹಣಿಯೂ

ಗ್ರಾಂಟ್ ರೋಡ್ ನಿಲ್ದಾಣದ ಪೂರ್ವಕ್ಕೆ ಇಳಿದು ಸ್ವಲ್ಪ ದೂರ ನಡೆದರೆ ಲ್ಯಾಮಿಂಗ್ಟನ್ ರಸ್ತೆ ಸಿಗುತ್ತದಷ್ಟೆ. ಗಣಕಯಂತ್ರದ ಬಿಡಿಭಾಗಗಳಿಂದ ಕಿಕ್ಕಿರಿದ ಅಲ್ಲಿನ ಅಂಗಡಿಗಳ ಪರಿಚಯವು ನಿಮ್ಮಲ್ಲಿ ಹಲವರಿಗೆ ವ್ಯಾಕರಣದ ಪರಿಚಯಕ್ಕಿಂತ ಹೆಚ್ಚೆಂಬುದನ್ನು ನಾವು ಬಲ್ಲೆವು. ಆದುದರಿಂದ ಅಂತರಜಾಲವೆಂದರೇನೆಂದು ಬಹಳವಾಗಿ ವಿವರಿಸಬೇಕಾಗಿಲ್ಲ. ನಮ್ಮ ದೇಶದ ಸಾರ್ವಜನಿಕರಿಗೆ ಅದು ದೊರೆತುದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅದು ಆಕಾಶದಲ್ಲಿ ತೇಲುವ ವಸ್ತುವೆಂದು ಅನೇಕರ ಭಾವನೆ. ವಾಸ್ತವದಲ್ಲಿ ದೇಶದೇಶಗಳ ನಡುವಣ ಸಂದೇಶಗಳಲ್ಲಿ ಬಹುಪಾಲು ಕಡಲತಳದಲ್ಲಿ ಹಾಸಿದ ಗಾಜಿನ ಎಳೆಗಳೊಳಗೆ ಬೆಳಕಿನ ಮಿಡಿತಗಳಾಗಿ ಹರಿಯುತ್ತವೆ. ಅಂತಹ ಕೆಲವು ಕೇಬಲ್ಲುಗಳು ನಮ್ಮ ವರ್ಸೋವಾ ದಂಡೆಯಲ್ಲಿಯೇ ನೆಲವನ್ನೇರುತ್ತವೆ.

ಇದರಿಂದ ಮುಂಬರುವ ವರ್ಷಗಳಲ್ಲಿ ನಮ್ಮ ನಿತ್ಯಜೀವನವು ಹೇಗೆ ಮಾರ್ಪಟ್ಟೀತು? ಹಣದ ಮಾತು ಆಗಿಹೋಯಿತು. 2016ರಲ್ಲಿ ಯುಪಿಐ ಬಂದ ಬಳಿಕ ತರಕಾರಿಯ ಗಾಡಿಯವನೂ ಫಲಕ ತೂಗಹಾಕಿದ್ದಾನೆ. ನಮ್ಮ ಮಟ್ಟಿಗೆ ಇದಕ್ಕಿಂತ ಗಂಭೀರವಾದುದು ಮತ್ತೊಂದಿದೆ. ಬಿಟ್ಟುಬಂದ ಊರಿನ ಕಚೇರಿಯೇ ನಮ್ಮ ಚಾಳಿನ ಕೋಣೆಯೊಳಗೆ ಬಂದು ಕುಳಿತಿದೆ.

ಕರ್ನಾಟಕ ಸರ್ಕಾರವು 2000ದ ಸುಮಾರಿಗೆ ‘ಭೂಮಿ’ ಎಂಬ ಯೋಜನೆಯನ್ನು ಕೈಗೊಂಡು, ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಭೂದಾಖಲೆಗಳನ್ನು ಗಣಕಯಂತ್ರಕ್ಕೇರಿಸಿತು. ಅದುವರೆಗೆ ಅವು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದುವು. ಪಹಣಿ ಬೇಕಾದ ಮುಂಬಯಿಯ ಹೋಟೆಲ್ ಕಾರ್ಮಿಕನು ರಜೆ ಪಡೆದು ಊರಿಗೇ ಹೋಗಬೇಕಾಗಿತ್ತು. ಇಂದು ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಇಷ್ಟು ತಿಳಿದಿದ್ದರೆ ಕುಂದಾಪುರದ ಗದ್ದೆಯಾಗಲಿ ವಿಜಯಪುರದ ಹೊಲವಾಗಲಿ ಇಲ್ಲಿಂದಲೇ ಕಣ್ಣಿಗೆ ಬೀಳುತ್ತದೆ.

ಆದರೆ ಕಣ್ಣಿಗೆ ಬಿದ್ದ ಮಾತ್ರಕ್ಕೆ ತಿಳಿಯಿತೆನ್ನಲಾದೀತೆ? ಪಹಣಿ ಇರುವುದು ಕನ್ನಡದಲ್ಲಿ. ಸ್ವಾಧೀನದಾರರ ಹೆಸರು ಒಂದು ಕಾಲಮ್ಮಿನಲ್ಲಿ, ಹಕ್ಕು ಮತ್ತು ಋಣಗಳು ಇನ್ನೊಂದರಲ್ಲಿ. ವಿಸ್ತೀರ್ಣವನ್ನು ಕರಾವಳಿಯವರು ಎಕರೆಗೆ 100 ಸೆಂಟ್ಸಿನಂತೆಯೂ ಘಟ್ಟದ ಮೇಲಿನವರು 40 ಗುಂಟೆಯಂತೆಯೂ ಎಣಿಸುವರು. (ಗಣಿತದ ಅಧ್ಯಾಪಕರು ಇದನ್ನು ಗಮನಿಸಬೇಕು!) ಎಷ್ಟೋ ಮನೆಗಳಲ್ಲಿ ತೀರಿಕೊಂಡ ಅಜ್ಜನ ಹೆಸರೇ ಇನ್ನೂ ಪಹಣಿಯಲ್ಲಿ ಉಳಿದಿರುತ್ತದೆ; ಪೌತಿ ಖಾತೆಯಾಗಿರುವುದಿಲ್ಲ. ಆ ಮನೆಯ ಮಕ್ಕಳು ಇಂಗ್ಲಿಷನ್ನು ನಿರರ್ಗಳವಾಗಿ ಓದುವರು. ಅಜ್ಜನ ಹೆಸರನ್ನು ಓದಲು ಮಾತ್ರ ಪರರ ಸಹಾಯ ಬೇಕು. ಪರರು ಎಲ್ಲರೂ ಸಜ್ಜನರೇ ಆಗಿರುವುದಿಲ್ಲ.

ಕನ್ನಡವು ಯಂತ್ರಕ್ಕೆ ಒಗ್ಗದ ಭಾಷೆಯೆಂಬ ಆಕ್ಷೇಪವುಂಟು. ಇದು ನಿರಾಧಾರವಾದುದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸಮಾಡಿದ್ದ ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸವೊಂದನ್ನು ರೂಪಿಸಿಕೊಟ್ಟರು. ‘ಕ’ ಒತ್ತಿ ‘ಇ’ ಒತ್ತಿದರೆ ‘ಕಿ’ ತಾನಾಗಿ ಮೂಡುತ್ತದೆ. ಗುಣಿತಾಕ್ಷರಕ್ಕೊಂದರಂತೆ ಕೀಲಿ ಬೇಕಾಗಿಲ್ಲ. ಒಂದನೆಯ ತರಗತಿಯಲ್ಲಿ ನೀವು ರಾಗವಾಗಿ ಹೇಳಿದ ಕಾಗುಣಿತವೇ ಇದರ ಸೂತ್ರ. ಕರ್ನಾಟಕ ಸರ್ಕಾರವು ಈ ಕ್ರಮವನ್ನೇ ಅಲ್ಪಸ್ವಲ್ಪ ಬದಲಾವಣೆಯೊಡನೆ ಅಂಗೀಕರಿಸಿದೆ.

ಇನ್ನು ಮುಂದೆ ಬರಲಿರುವುದು ಮಾತಿನ ಕಾಲ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಉತ್ತರಿಸುವ ಯಂತ್ರಗಳು ಈಗಾಗಲೇ ಬಂದಿವೆ. ಭಾರತ ಸರ್ಕಾರವು 2022ರಲ್ಲಿ ‘ಭಾಷಿಣಿ’ ಯೋಜನೆಯನ್ನು ಇದಕ್ಕಾಗಿಯೇ ಆರಂಭಿಸಿತು. ಅಕ್ಷರವರಿಯದ ಅಜ್ಜಿಗೆ ಇದು ವರವೇ ಸರಿ. ಅಕ್ಷರ ಕಲಿಯಬಲ್ಲ ಬಾಲಕನು ಇದರಿಂದ ಸೋಮಾರಿಯಾದಾನೆಂಬ ಭಯ ಮಾತ್ರ ನಮ್ಮನ್ನು ಬಿಟ್ಟಿಲ್ಲ. ಯಂತ್ರವು ಓದಿ ಹೇಳಿದುದು ಸರಿಯೋ ತಪ್ಪೋ ಎಂದು ನೋಡಬಲ್ಲವನು ಓದಬಲ್ಲವನೇ. ಋಣದ ಕಾಲಮ್ಮಿನಲ್ಲಿ ಒಂದು ಸೊನ್ನೆ ಹೆಚ್ಚುಕಡಿಮೆಯಾದರೆ ಹೊಣೆ ಹೊರಲು ಯಂತ್ರವು ಬರಲಾರದು.

ಬರುವ ಮೇ ತಿಂಗಳ ರಜೆಗೆ ಒಂದು ಕೆಲಸವನ್ನು ಕೊಡುತ್ತೇವೆ. ಹಿರಿಯರಿಂದ ಊರಿನ ಜಮೀನಿನ ಸರ್ವೆ ನಂಬರನ್ನು ಕೇಳಿಕೊಳ್ಳಿರಿ. ಪಹಣಿಯನ್ನು ತೆರೆದು, ಅವರ ಎದುರಿನಲ್ಲಿಯೇ ಗಟ್ಟಿಯಾಗಿ ಓದಿರಿ. ಜಮೀನಿಲ್ಲದವರು ನೆರೆಯವರ ಪಹಣಿಯನ್ನು ಅವರ ಅನುಮತಿ ಪಡೆದು ಓದಬಹುದು. ತಿಳಿಯದ ಶಬ್ದಗಳನ್ನು ಬರೆದುಕೊಂಡು ಜೂನ್ ತಿಂಗಳಲ್ಲಿ ತರಗತಿಗೆ ತನ್ನಿರಿ.