ಹಳೇ ಜೀಪಿಗೆ ಹಾಲಿನ ಕ್ಯಾನು!

ಟೊಮೆಟೊ ಹೇರಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೊರಟ ಜೀಪು ದಾರಿಯಲ್ಲೇ ಹಬೆ ಬಿಟ್ಟು ನಿಂತರೆ? ನಾವು ತಲಪುವ ಹೊತ್ತಿಗೆ ಹರಾಜು ಮುಗಿದಿರುತ್ತದೆ. ಹೋದ ವರ್ಷ ನನಗಾದದ್ದು ಅದೇ. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ರಿಪೇರಿಗೆ ಸುರಿದ ದುಡ್ಡು ಆ ಲೋಡಿನ ಬೆಲೆಗಿಂತ ಜಾಸ್ತಿ. ಕಾರಣ ಮಾತ್ರ ತೀರಾ ಸಣ್ಣದು. ರೇಡಿಯೇಟರಿನಿಂದ ಉಕ್ಕಿ ಹೊರಹೋದ ನೀರು ವಾಪಸ್ ಬರುತ್ತಿರಲಿಲ್ಲ.

ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಜೀಪು 1980ರ ದಶಕದ್ದು. ಆ ಕಾಲದ ಎಷ್ಟೋ ಜೀಪು, ವ್ಯಾನು, ಟ್ರ್ಯಾಕ್ಟರುಗಳಲ್ಲಿ ಉಕ್ಕಿದ ನೀರು ಹಿಡಿಯುವ ಡಬ್ಬಿಯೇ ಇಲ್ಲ. ರೇಡಿಯೇಟರ್ ಕತ್ತಿನಿಂದ ಒಂದು ಸಣ್ಣ ಪೈಪು ನೆಲದ ಕಡೆ ಇಳಿದಿರುತ್ತದೆ, ಅಷ್ಟೆ.

ಯಾಕೆ ಉಕ್ಕುತ್ತೆ?

20 ಡಿಗ್ರಿಯ ನೀರು 100 ಡಿಗ್ರಿ ಹತ್ತಿರ ಕಾದಾಗ ನೂರಕ್ಕೆ ಸುಮಾರು 4 ಪಾಲು ಹಿಗ್ಗುತ್ತದೆ. 10 ಲೀಟರಿಗೆ 400 ಮಿ.ಲೀ. ಆಯಿತು. ಬಾಯಿತನಕ ತುಂಬಿದ್ದರೆ ಅಷ್ಟೂ ಹೊರಕ್ಕೆ. ತಣಿದ ಮೇಲೆ ಆ ಜಾಗಕ್ಕೆ ಗಾಳಿ ಸೇರುತ್ತದೆ. ನಾವು ಮತ್ತೆ ಬೋರಿನ ನೀರು ಸುರಿಯುತ್ತೇವೆ. ಬೋರಿನ ಗಡಸು ನೀರು ಕಾಯಿಸಿದ ಪಾತ್ರೆಯ ತಳ ನೋಡಿದ್ದೀರಲ್ಲ? ಅದೇ ಬಿಳಿ ಪದರ ರೇಡಿಯೇಟರಿನ ಒಳಗೂ ಕಟ್ಟುತ್ತದೆ. ಪದರ ದಪ್ಪವಾದಷ್ಟೂ ಎಂಜಿನ್ನಿನ ಕಾವು ಏರುತ್ತದೆ.

ತೋಪಾದ ಪ್ರಯೋಗ

ಮೊದಲು ತಂಪು ಪಾನೀಯದ ಬಾಟ್ಲಿ ಕಟ್ಟಿದೆ. ಎರಡೇ ದಿನಕ್ಕೆ ಬಿಸಿನೀರಿಗೆ ಮುದುಡಿತು. ಆಮೇಲೆ ದಪ್ಪನೆಯ ಆಯಿಲ್ ಕ್ಯಾನು ತೊಳೆದು ಕಟ್ಟಿದೆ. ಕ್ಯಾನು ಕಾವು ತಡೆಯಿತು, ನೀರೂ ತುಂಬಿತು. ಆದರೆ ವಾಪಸ್ ಹೋಗಲೇ ಇಲ್ಲ. ಡಬ್ಬಿ ಇದೆಯಲ್ಲ ಅಂತ ರೇಡಿಯೇಟರ್ ನೋಡೋದನ್ನೇ ಬಿಟ್ಟೆ. ಗ್ಯಾಸ್ಕೆಟ್ ಸುಟ್ಟದ್ದು ಆಗಲೇ.

ಗುಟ್ಟು ಇರೋದು ಕ್ಯಾಪಿನಲ್ಲಿ

ಕೆಜಿಎಫ್‌ನ ರಾಬರ್ಟ್‌ಸನ್ ಪೇಟೆಯಲ್ಲಿ ಒಬ್ಬರು ಹಿರಿಯ ಮೇಸ್ತ್ರಿ ಇದ್ದಾರೆ. 2001ರಲ್ಲಿ ಚಿನ್ನದ ಗಣಿ ಮುಚ್ಚುವ ತನಕ ಅಲ್ಲಿನ ವರ್ಕ್‌ಶಾಪಿನಲ್ಲಿ ದುಡಿದವರು. ನನ್ನ ಕ್ಯಾಪನ್ನು ತಿರುಗಿಸಿ ನೋಡಿ ನಕ್ಕರು. "ಡಬ್ಬಿದು ತಪ್ಪಿಲ್ಲಪ್ಪಾ. ಈ ಕ್ಯಾಪಿಗೆ ಉಗುಳೋಕೆ ಬರುತ್ತೆ, ಹೀರೋಕೆ ಬರಲ್ಲ."

ಬೇಕಾದದ್ದು ಎರಡು ಸೀಲಿನ ಕ್ಯಾಪು. ಕೆಳಗಿನ ಸೀಲು ಒತ್ತಡ ಹಿಡಿಯುತ್ತದೆ. ಅದರ ನಡುವಿನ ಪುಟ್ಟ ವಾಲ್ವು ಎಂಜಿನ್ ತಣಿದಾಗ ತೆರೆದು ನೀರನ್ನು ಒಳಗೆ ಬಿಡುತ್ತದೆ. ಮೇಲಿನ ಸೀಲು ಹೊರಗಿನ ಗಾಳಿ ನುಗ್ಗದಂತೆ ಕತ್ತನ್ನು ಮುಚ್ಚುತ್ತದೆ. ನನ್ನದರಲ್ಲಿ ಈ ಮೇಲಿನದೇ ಇರಲಿಲ್ಲ. ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ, ಬರೀ ಗಾಳಿ!

ನಮ್ಮ ಸೀಮೆ ಸಮುದ್ರ ಮಟ್ಟದಿಂದ 800 ಮೀಟರಿಗೂ ಎತ್ತರ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ಒತ್ತಡ ಹಿಡಿಯುವ ಕ್ಯಾಪು ಬೇಕೇ ಬೇಕು. ಆದರೆ ಮೊದಲಿದ್ದಷ್ಟೇ ಒತ್ತಡದ್ದು ಹಾಕಿ. ಹೆಚ್ಚಿನದು ಹಾಕಿದರೆ ಹಳೇ ರೇಡಿಯೇಟರಿನ ಬೆಸುಗೆ ಬಿಟ್ಟೀತು.

ಕಟ್ಟುವ ಕ್ರಮ

ಒಂದೂವರೆ ಲೀಟರಿನ ಸ್ಟೀಲ್ ಹಾಲಿನ ಕ್ಯಾನು ಮನೆಯಲ್ಲಿತ್ತು. "ತಗೊಂಡು ಹೋಗಿ, ಮತ್ತೆ ಹಾಲಿಗೆ ಅಂತ ವಾಪಸ್ ತರಬೇಡಿ" ಎಂದಳು ಮನೆಯಾಕೆ. ಆ ಮಾತು ಸರಿಯೇ. ಕೂಲೆಂಟ್ ವಿಷ.

1. ಮುಚ್ಚಳಕ್ಕೆ ಎರಡು ತೂತು: ಒಂದು ಪೈಪಿಗೆ, ಇನ್ನೊಂದು ಚಿಕ್ಕದು ಗಾಳಿಯಾಡಲು. ಈ ಡಬ್ಬಿಯನ್ನು ಬಿಗಿಯಾಗಿ ಮುಚ್ಚಲೇಬಾರದು.

2. ಪೈಪಿನ ತುದಿ ತಳದಿಂದ ಒಂದು ಬೆರಳು ಮೇಲಿರಲಿ, ಸದಾ ನೀರಿನಲ್ಲಿ ಮುಳುಗಿರಲಿ. ತಳಕ್ಕೆ ತಾಗಿದರೆ ಕಸ ಹೀರುತ್ತದೆ.

3. ರೇಡಿಯೇಟರ್ ಕಡೆಯ ತುದಿಗೆ ಕ್ಲಿಪ್ಪು ಬಿಗಿಯಿರಿ. ಅಲ್ಲಿ ಗಾಳಿ ಸೇರಿದರೆ ನೀರು ವಾಪಸ್ ಬರೋದಿಲ್ಲ.

4. ಸೈಲೆನ್ಸರ್ ಪೈಪು, ಫ್ಯಾನುಗಳಿಂದ ದೂರ, ಪಟ್ಟಿ ಹಾಕಿ ಕೂರಿಸಿ.

5. ರೇಡಿಯೇಟರ್ ಪೂರ್ತಿ ತುಂಬಿಸಿ, ಕ್ಯಾನಿಗೆ ಮೂರನೇ ಒಂದು ಪಾಲು ಹಾಕಿ. ಬ್ಯಾಟರಿ ನೀರು ಅಥವಾ ಸೋಸಿದ ಮಳೆನೀರಿಗೆ ಕೂಲೆಂಟ್ ಬೆರೆಸಿದರೆ ಒಳ್ಳೆಯದು.

ಕೆಲಸ ಮಾಡುತ್ತಿದೆಯೇ ಅಂತ ತಿಳಿಯೋದು ಸುಲಭ. ಸ್ಟೀಲಿನ ಒಳಗೆ ಕಾಣದ್ದರಿಂದ ಕಡ್ಡಿ ಅದ್ದಿ ಗೀಟು ಹಾಕಿಕೊಳ್ಳಿ. ಓಡಿಸಿ ಬಂದಾಗ ಮಟ್ಟ ಏರಿರಬೇಕು, ಬೆಳಗ್ಗೆ ಹಳೇ ಗೀಟಿಗೆ ಇಳಿದಿರಬೇಕು. ಇಳಿಯದಿದ್ದರೆ ಕ್ಯಾಪು, ಪೈಪು ನೋಡಿ. ಎಂಜಿನ್ ಓಡುವಾಗ ಕ್ಯಾನಿನಲ್ಲಿ ಬಿಡದೆ ಗುಳ್ಳೆ ಬರುತ್ತಿದ್ದರೆ ಗ್ಯಾಸ್ಕೆಟ್ ಹೋಗಿರಬಹುದು, ತಡಮಾಡದೆ ಮೆಕ್ಯಾನಿಕ್ಕಿಗೆ ತೋರಿಸಿ.

ಎಚ್ಚರ

ಬಿಸಿ ಇರುವಾಗ ಕ್ಯಾಪ್ ತೆಗೆಯಲೇಬೇಡಿ, ಮುಖ ಕೈ ಸುಟ್ಟೀತು. ಕೂಲೆಂಟ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೂ ಮಕ್ಕಳು ಕುಡಿದರೂ ಪ್ರಾಣಕ್ಕೇ ಅಪಾಯ. ಹಾಗಾಗಿ ಕುಡಿಯುವ ನೀರಿನ ಬಾಟ್ಲಿ ಬಳಸಬೇಡಿ. ನಾನು ಕ್ಯಾನಿಗೆ ಕೆಂಪು ಬಣ್ಣ ಬಳಿದು 'ವಿಷ' ಅಂತ ಬರೆದಿದ್ದೇನೆ.

ಕ್ಯಾನು ಮನೆಯದೇ, ಖರ್ಚಾದದ್ದು ಕ್ಯಾಪು, ಪೈಪು, ಕ್ಲಿಪ್ಪಿಗೆ ಮಾತ್ರ. ಈ ಬೇಸಿಗೆಯಿಡೀ ಟೊಮೆಟೊ ಹೊತ್ತರೂ ಜೀಪು ದಾರಿಯಲ್ಲಿ ನಿಲ್ಲಲಿಲ್ಲ. ಆದರೂ ವಾರಕ್ಕೊಮ್ಮೆ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ, ಕ್ಯಾಪ್ ತೆಗೆದು ನೋಡುವುದನ್ನು ಈಗ ಬಿಟ್ಟಿಲ್ಲ. ಡಬ್ಬಿ ನಂಬಿ ಒಮ್ಮೆ ಕೆಟ್ಟವನಲ್ಲವೇ? ನಿಮ್ಮ ಹಳೇ ಗಾಡಿಗೆ ನೀವು ಬೇರೇನಾದರೂ ಉಪಾಯ ಮಾಡಿದ್ದರೆ ಪತ್ರಿಕೆಗೆ ಬರೆಯಿರಿ.