ಹಿಂಡಿಯ ಎಣ್ಣೆ ಮೀನಿನ ಮೈಗೆ ಹತ್ತುವುದು ಹೇಗೆ?

ಮಕ್ಕಳೇ, ಕೃಷ್ಣಾ, ಮಲಪ್ರಭಾ ನದಿಗಳು ಸೇರುವ ಕೂಡಲಸಂಗಮದಲ್ಲಿ ಮೀನುಗಳನ್ನು ನೋಡಿದ್ದೀರಾ? ಹೊಂಡದಲ್ಲಿ ಸಾಕುವ ಕಾಟ್ಲಾ, ರೋಹು ಮೀನುಗಳಿಗೆ ಶೇಂಗಾ ಹಿಂಡಿ, ಅಕ್ಕಿ ತೌಡು ಹಾಕುತ್ತಾರೆ. ಅವುಗಳಲ್ಲಿ ಕೊಬ್ಬು ಇರುತ್ತದೆ. ಆದರೆ ಈ ಮೀನುಗಳಿಗೆ ನಮ್ಮಂತೆ ಜಠರವೇ ಇಲ್ಲ! ತಿಂದದ್ದು ನೇರವಾಗಿ ಕರುಳಿಗೆ ಹೋಗುತ್ತದೆ.

ಮಾಡಿ ನೋಡಿ: ಬಾಟಲಿಯಲ್ಲಿ ನೀರು, ನಾಲ್ಕು ಹನಿ ಎಣ್ಣೆ ಹಾಕಿ ಕುಲುಕಿ. ಎಣ್ಣೆ ಮತ್ತೆ ಮೇಲೆ ತೇಲುತ್ತದೆ. ಈಗ ಸಾಬೂನಿನ ನೀರು ಸೇರಿಸಿ ಕುಲುಕಿ. ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಹರಡುತ್ತದೆ.

ಕರುಳಿನಲ್ಲಿ ಈ ಕೆಲಸವನ್ನು ಪಿತ್ತರಸ ಮಾಡುತ್ತದೆ. ಬಳಿಕ ಲೈಪೇಸ್ ಎಂಬ ಕಿಣ್ವವು ಆ ಹನಿಗಳಲ್ಲಿನ ಕೊಬ್ಬನ್ನು ಕೊಬ್ಬಿನ ಆಮ್ಲಗಳಾಗಿ ಒಡೆಯುತ್ತದೆ. ಕರುಳಿನ ಗೋಡೆ ಅವನ್ನು ಹೀರಿಕೊಳ್ಳುತ್ತದೆ. ರಕ್ತವು ದೇಹಕ್ಕೆಲ್ಲ ಒಯ್ಯುತ್ತದೆ.

ಮೀನು ಶೀತರಕ್ತ ಪ್ರಾಣಿ. ಚಳಿಗಾಲದಲ್ಲಿ ನೀರು ತಣ್ಣಗಾದಾಗ ಜೀರ್ಣಕ್ರಿಯೆ ನಿಧಾನವಾಗುತ್ತದೆ. ಆಗ ಹಿಂಡಿ ಹೆಚ್ಚು ಹಾಕಿದರೆ ಉಳಿದದ್ದು ಕೊಳೆತು, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನುಗಳು ಸಾಯಬಹುದು.

ಯೋಚಿಸಿ: ನಿಮ್ಮೂರಲ್ಲಿ ಯಾವ ತಿಂಗಳುಗಳಲ್ಲಿ ಮೀನಿಗೆ ಹಿಂಡಿ ಕಡಿಮೆ ಹಾಕಬೇಕು?